ದುಂಡೇಶ ಬರದ ಪ್ರೋಗ್ರಾಮು, ಸತ್ಯವ್ವಗ ಬಂದ ಸೀರಿ

ಬನಹಟ್ಟಿ ಬಸ್ ಸ್ಟ್ಯಾಂಡಿನ ಹಿಂದ, ಪಂಚರ್ ಅಂಗಡಿ ಮ್ಯಾಲ ಒಂದು ಸಣ್ಣ ಖೋಲಿ ಐತಿ. ಅದರಾಗ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ ಮತ್ತ ದುಂಡೇಶ. ಜಮಖಂಡ್ಯಾಗ ಡಿಪ್ಲೊಮಾ ಮುಗಿಸಿ, ಜಾವಾಸ್ಕ್ರಿಪ್ಟ್ ಕಲತು, ಮುಧೋಳದ ಬೀಜದ ಅಂಗಡಿಯವ್ರಿಗಿ, ಬೀಳಗಿಯ ಟ್ರ್ಯಾಕ್ಟರ್ ಸಾಮಾನಿನವ್ರಿಗಿ ವೆಬ್‌ಸೈಟ್ ಮಾಡಿಕೊಟ್ಟು ಹೆಸರು ಮಾಡ್ಯಾನ. ಆದ್ರೂ ವಾರಕ್ಕೊಬ್ಬರರ ಮ್ಯಾಲ ಹತ್ತಿ ಬಂದು "ಆಧಾರ್ ಝೆರಾಕ್ಸ್ ಆಗ್ತಾವೇನ್ರಿ?" ಅಂತ ಕೇಳ್ತಾರ. ಆಗ ಅವನ ಮಾರಿ ನೋಡಬೇಕು! ಸಿಟ್ಟು ಬರ್ತೈತಿ, ಝೆರಾಕ್ಸ್ ಮಾಡಿ ಕೊಡ್ತಾನ.

ಮನಶ್ಯಾ ಕೆಟ್ಟವಲ್ಲ. ಆದ್ರ ಅವಂಗ ಒಂದು ಖೋಡಿ ಚಟ. ಕೇಳ್ತಾನ, ಉತ್ತರಕ್ಕ ನಿಲ್ಲಂಗಿಲ್ಲ. "ಅವ್ವಾ, ಊಟಕ್ಕ ಏನೈತಿ?" ಅಂತಾನ, ಅಕಿ ಬಾಯಿ ತಗಿಯೋದ್ರಾಗ ಗಾಡಿ ಚಾಲೂ ಮಾಡಿ ಓಣಿ ದಾಟಿರ್ತಾನ. ಒಮ್ಮಿ ಡಾಕ್ಟರ ಮುಂದ ಕುಂತು ಹೊಟ್ಟಿನೋವಿನ ಕಥಿ ಎಲ್ಲಾ ಹೇಳಿ, ಅವರು ಗುಳಗಿ ಹೆಸರು ಬರಿಯೋದ್ರಾಗ ಎದ್ದ ಹ್ವಾದ. ಕಂಪೌಂಡರ್ ಪಾಪ, ಚೀಟಿ ಹಿಡಕೊಂಡು ಬಜಾರತನಕ ಓಡ್ಯಾನ. ಇಂಥಾವ ಬರಿಯೋ ಪ್ರೋಗ್ರಾಮ್ ಹೆಂಗಿರ್ತಾವ? ಬರದಾಂವನಂಗ ಇರ್ತಾವ, ಮತ್ತ್ಯಾರಂಗ ಇರಬೇಕು.

ಈ ಸಲ ಅವನ ಊರು ಚಿಮ್ಮಡದಾಗ ತಂಗಿ ವೈಶಾಲಿ ಮದವಿ ಗೊತ್ತಾತು. ಗಂಡು ಬೀಳಗಿ ಕಡ್ಯಾಂವ. ಅಪ್ಪ ಗಿರಮಲ್ಲಪ್ಪಗ ಕುರಿ ಆತು, ಬೀರೇಶ್ವರ ಆತು. ಮನೀ ಕಾರಭಾರ ಎಲ್ಲಾ ಅವ್ವ ಸಿದ್ದಕ್ಕಂದು. ಗಂಡ ಆಡದ ಮಾತನ್ನೂ ಕೂಡಿಸಿ ತಾನ ಆಡಾಕಿ ಅಕಿ.

ಮದವಿ ಅಂದಮ್ಯಾಲ ಆಯಾರ ಬಂತು. ಬಳಗದ ಹೆಂಗಸರಿಗೆಲ್ಲಾ ಸೀರಿ ಕೊಡಬೇಕು, ಅದೂ ನಂಟು ನೋಡಿ. ಬೀಗತಿಗಿ ಒಂದು ನಮೂನಿ, ಕಾಕಿಗಿ ಒಂದು ನಮೂನಿ, ಚಿಗವ್ವಗ ಒಂದು, ದೂರದ ಅಕ್ಕಗ ಇನ್ನೊಂದು. ಇದರಾಗ ಹೆಚ್ಚು ಕಡಿಮಿ ಆತಂದ್ರ ಮುಗೀತು, ಮೊಮ್ಮಕ್ಕಳ ಮದವಿ ತನಕ ಮಾತಿಲ್ಲ ಕಥಿಯಿಲ್ಲ. ಮೊದಲ ಎಲ್ಲಾ ಹಂದರದಾಗ ಕೊಡ್ತಿದ್ರು. ಈಗ ಹೆಂಗಸರು ಹೊಸಾ ಪದ್ಧತಿ ತಂದಾರ: ಸೀರಿ ಮುಂಚೇನ ಕಳಸ್ರಿ, ಜಂಪರ್ ಹೊಲಿಸ್ಕೊಂಡು ಅದನ್ನ ಉಟಗೊಂಡ ಬರ್ತೀವಿ. ಮಾತೇನೋ ಛಲೋನ ಐತಿ. ಆದ್ರ ಜಮಖಂಡಿ, ಮುಧೋಳ, ಬೀಳಗಿ, ರಬಕವಿ ಅಂತ ಊರೂರು ತಿರುಗಿ ಹಂಚೋರು ಯಾರು?

"ನಾ ಅದೀನಲ್ಲ" ಅಂದ ದುಂಡೇಶ. "ಯಾರೂ ತಿರಗೂದು ಬ್ಯಾಡ. ಎಲ್ಲಾ ಪ್ರೋಗ್ರಾಮ್ ಮಾಡ್ತೈತಿ."

ಅವನ ಯೋಜನಾ ಹಿಂಗಿತ್ತು. ಬನಹಟ್ಟಿಯ ಚಿದಾನಂದ ಸಾವಕಾರ್ರ ಸೀರಿ ಅಂಗಡಿ ಮಾಲೆಲ್ಲಾ ಇಂಟರ್‌ನೆಟ್‌ದಾಗ ಐತಿ. ದುಂಡೇಶನ ಪ್ರೋಗ್ರಾಮು ಬಳಗದ ಒಂದೊಂದ ಹೆಸರು ತಗೊಂಡು, "ಇವ್ರು ಕಾಕಿ ಆಗ್ಬೇಕು, ಯಾವ ಸೀರಿ?" ಅಂತ ಅಂಗಡಿಯ ಸರ್ವರ್ ಕಂಪ್ಯೂಟರಿಗಿ ಕೇಳ್ತೈತಿ. ಅಲ್ಲಿಂದ ಸೀರಿ ನಂಬರ್ ಬಂದಕೂಡ್ಲೆ ಹೆಸರು, ಊರು ಹಾಕಿ ಪಾರ್ಸಲ್ಲಿಗಿ ಚೀಟಿ ಛಾಪಿಸ್ತೈತಿ. ಆಮ್ಯಾಲ ಪಾಂಡಪ್ಪನ ಟಂಟಂ ಗಾಡಿ ಮನಿಮನಿಗಿ ಮುಟ್ಟಸ್ತೈತಿ. ಮುಟ್ಟಿದ್ದಕ್ಕ ಸಾಕ್ಷಿ ಬೇಕಲ್ಲ? ಸೀರಿ ತಗೊಂಡವರ ಫೋಟೋ ಪಾಂಡಪ್ಪ ಹೊಡೀಬೇಕು, ಅದು ತಾನ ಹೋಗಿ "ನಮ್ಮ ಬಳಗ" ಅನ್ನೋ ವಾಟ್ಸಪ್ ಗ್ರುಪ್ಪಿನಾಗ ಬೀಳಬೇಕು. ಈ ಫೋಟೋದ ಮ್ಯಾಲಂತೂ ದುಂಡೇಶಗ ಭಾಳ ಅಭಿಮಾನ.

ಬಳಗದಾಗ ಒಂದ ಹೆಸರು ಮಾತ್ರ ಸಿದ್ದಕ್ಕ ಬ್ಯಾಡ ಅಂದಿದ್ಲು, ಮತ್ತ ಯಾರೂ ಎತ್ತಲಿಲ್ಲ. ಅದು ಸತ್ಯವ್ವಂದು. ಗಿರಮಲ್ಲಪ್ಪನ ಸ್ವಂತ ತಂಗಿ, ದುಂಡೇಶನ ಸೋದರತ್ತಿ. ಕೊಟ್ಟದ್ದು ರನ್ನ ಬೆಳಗಲಿಗಿ. ಹಿಂದ ಒಂದು ಮದವ್ಯಾಗ ಸಿದ್ದಕ್ಕ ಅಕಿಗಿ ಆಯಾರ ಕೊಟ್ಲು. ಬಿಚ್ಚಿ ನೋಡ್ತಾಳ, ಅದು ಸತ್ಯವ್ವ ತಾನ ಅದರ ಹಿಂದಿನ ವರ್ಷ ಸಿದ್ದಕ್ಕಗ ಕೊಟ್ಟಿದ್ದ ಸೀರಿ! ತನ್ನ ಸೀರಿ ತನಗ, ಅದೂ ಮಡಿಕಿ ಸೈತ ಬಿಚ್ಚದ. ಸತ್ಯವ್ವ ಎಲಿ ಮುಂದಿಂದ ಎದ್ದ ಹ್ವಾದಾಕಿ ಮತ್ತ ತವರಮನಿ ಹೊಸ್ತಲ ತುಳಿಲಿಲ್ಲ. ಬಳಗದ ಗ್ರುಪ್ಪಿನಿಂದಾನೂ ಹೊರಗ ಬಿದ್ಲು.

ಆದ್ರ ವೈಶಾಲಿಗಿ ಅತ್ತಿ ಅಂದ್ರ ಜೀವ. ಅಕಿ ಕೂಸಿದ್ದಾಗ ಅವ್ವ ಕಾಮಣಿ ಆಗಿ ಹಾಸಿಗಿ ಹಿಡದಿದ್ಲು. ಆಗ ಕೂಸಿನ್ನ ಬೆಳಗಲಿಗಿ ಒಯ್ದು ಜ್ವಾಪಾನ ಮಾಡ್ದಾಕಿ ಸತ್ಯವ್ವ. ಮದವಿ ಗೊತ್ತಾದ ದಿವಸಾನ ವೈಶಾಲಿ ಅಣ್ಣನ ಮುಂದ ಹೇಳಿಬಿಟ್ಲು: "ಅಣ್ಣಾ, ಮೊದಲನೇ ಅರಿಶಿಣ ನನಗ ಅತ್ತಿ ಹಚ್ಚಬೇಕು. ಅಕಿ ಬರಲಿಲ್ಲಂದ್ರ ನಾ ಹಂದರದಾಗ ಕೂಡಂಗಿಲ್ಲ. ಚಾಷ್ಟಿ ಅಲ್ಲಿದು."

"ಕರಕೊಂಡ ಬರ್ತೀನಿ, ಹೋಗ" ಅಂದ ದುಂಡೇಶ. ಹೆಂಗ ಕರಕೊಂಡ ಬರ್ತಾನ ಅಂತ ಅಕಿ ಕೇಳೋದ್ರಾಗ ಆಸಾಮಿ ಬನಹಟ್ಟಿ ಹಾದಿ ಹಿಡದಿದ್ದ.

ಅವ್ವಗ ಹೇಳದ ಗುಟ್ಟಾಗಿ ಒಂದು ಕೆಲಸ ಮಾತ್ರ ಮಾಡ್ದ. ಎಲ್ಲಾರ ಹೆಸರೂ ತುಂಬಿದ ಮ್ಯಾಲ, ಎಲ್ಲಾಕಿಂತ ಕಡೀಕ ಸತ್ಯವ್ವನ ಹೆಸರು ಸೇರಿಸ್ದ. ಸೋದರತ್ತಿಗಿ ಅಂತ ಎಲ್ಲಾರಕಿಂತ ಛಲೋ ಸೀರಿ, ರೇಶ್ಮಿ ಸೆರಗಿಂದು ಆರಿಸ್ದ. ಸೀರಿ ನೋಡಿ ಅತ್ತಿ ಮನಸ್ಸು ಕರಗ್ತೈತಿ ಅಂತ ಅವನ ಲೆಕ್ಕ. ಪ್ರೋಗ್ರಾಮ್ ಸರಿ ಐತೋ ಇಲ್ಲೋ ನೋಡಾಕ ಒಂದ ಹೆಸರು ಹಾಕಿ ಓಡಿಸ್ದ. ಚೀಟಿ ಬರೋಬ್ಬರಿ ಬಂತು. ಒಂದ ಬಂದಮ್ಯಾಲ ಎಲ್ಲಾ ಬರ್ತಾವ ಅಂತ ಇಡೀ ಬಳಗಕ್ಕ ಗುಂಡಿ ಒತ್ತಿ ಚಾ ಕುಡ್ಯಾಕ ಹ್ವಾದ. ಛಾಪಿಸಿದ ಚೀಟಿ ತಿರುವಿ ಸೈತ ನೋಡ್ಲಿಲ್ಲ. ಚಿದಾನಂದ ಸಾವಕಾರ್ರ ಆಳುಗಳು ಸೀರಿ ನಂಬರ್ ನೋಡ್ಕೊಂತ ಪಾರ್ಸಲ್ಲಿಗಿ ಚೀಟಿ ಹಚ್ಚಿ ಗಾಡಿಗಿ ತುಂಬಿದ್ರು.

ಮರದಿವಸ ಮುಂಜಾನೆ ಪಾಂಡಪ್ಪನ ಫೋನ್ ಬಂತು.

"ದುಂಡೇಶಣ್ಣಾ, ಈ ಚೀಟಿ ನೋಡಿದ್ರ ಎಲ್ಲಾ ಒಂದ..."

"ಚೀಟಿ ಮ್ಯಾಲ ಏನೈತಿ ಹಂಗ ಕೊಡೋ ಮಾರಾಯಾ, ನನ್ನ ತಲಿ ತಿನಬ್ಯಾಡ" ಅಂದು ದುಂಡೇಶ ಫೋನ್ ಇಟ್ಟ.

ಪಾಂಡಪ್ಪಗೇನು, ನಾಕು ತಾಲೂಕು ತಿರಗೂದು ತಪ್ಪಿತು. ಟಂಟಂ ನೆಟ್ಟಗ ರನ್ನ ಬೆಳಗಲಿಗಿ ಹೊಡದ.

ಸ್ವಲ್ಪ ಹೊತ್ತಿನ್ಯಾಗ ಬಳಗದ ಗ್ರುಪ್ಪಿನಾಗ ಮೊದಲನೇ ಫೋಟೋ ಬಿತ್ತು. ಸತ್ಯವ್ವ ಬಾಗಲದಾಗ ನಿಂತಾಳ, ಕೈಯಾಗ ಪಾರ್ಸಲ್ಲು, ಮಾರಿ ಗಂಟ ಹಾಕ್ಕೊಂಡಾಳ. ದುಂಡೇಶಗ ಒಳಗ ಖುಷಿ. ತಗೊಂಡ್ಲಲ್ಲ, ತಿರುಗಿ ಕಳಸಲಿಲ್ಲಲ್ಲ! ಎರಡನೇ ಫೋಟೋ ಬಿತ್ತು. ಅದ್ರಾಗೂ ಸತ್ಯವ್ವ. ಮೂರನೇದು, ಮತ್ತ ಸತ್ಯವ್ವ, ತಲಿ ಮ್ಯಾಲ ಸೆರಗು ಬಂದೈತಿ. ಆಮ್ಯಾಲಿಂದ ಫೋಟೋ ದಬದಬ ಬೀಳಾಕತ್ತಿದ್ವು. ಒಂದ್ರಾಗ ಗಂಟು ಸಡಲೇತಿ, ಇನ್ನೊಂದ್ರಾಗ ನಗಿ ತಡಕೊಂಡಾಳ, ಮತ್ತೊಂದ್ರಾಗ ಮೂಗಿಗಿ ನತ್ತು ಬಂದೈತಿ. ಕಡೀಕಡೀಗಿ ಅಕಿ ಕುರ್ಚಿ ಹಾಕಿಸ್ಕೊಂಡು ಕುಂತು, ಪಾರ್ಸಲ್ ತೊಡಿ ಮ್ಯಾಲ ಇಟಗೊಂಡು, ಸ್ಟುಡಿಯೋದಾಗ ಕುಂತಂಗ ಕುಂತಿದ್ಲು. ಹಿಂದ ಅರ್ಧಾ ಓಣಿ ನಿಂತಿತ್ತು.

ಬಳಗದಾಗ ಗದ್ದಲ ಎದ್ದಿತು. ಬೀಳಗಿ ಬೀಗತಿ ಕೇಳಿದ್ಲು: "ನಮ್ಮ ಸೀರಿ ಎಲ್ಲಿ?" ಜಮಖಂಡಿ ಕಾಕಿ ಬರದ್ಲು: "ಅಕಿಗೊಬ್ಬಾಕಿಗೇ ಎಲ್ಲಾನೂ ಏನು? ನಾವೇನು ಬಿಟ್ಟಿ ಬಿದ್ದೀವೇನು?"

ದುಂಡೇಶ ಬೆವತ. ಕಂಪ್ಯೂಟರ್ ಮುಂದ ಕುಂತು ತಾ ಬರದದ್ದನ್ನ ತಾನ ಮೊದಲನೇ ಸಲ ಸಾವಕಾಶ ಓದಿದ. ಓದಿ ಹಣಿ ಹಣಿ ಬಡಕೊಂಡ.

ಆಗಿದ್ದಿಷ್ಟ. ಪ್ರೋಗ್ರಾಮು ಒಂದು ಹೆಸರು ತನ್ನ ನೆನಪಿನ ಬುಟ್ಟ್ಯಾಗ ಇಡ್ತಿತ್ತು, ಸರ್ವರಿಗಿ ಪ್ರಶ್ನಿ ಕಳಸ್ತಿತ್ತು. ಉತ್ತರ ಬರಾಕ ಸ್ವಲ್ಪ ಹೊತ್ತು ಬೇಕು. ಆದ್ರ ಪ್ರೋಗ್ರಾಮು ನಿಲ್ಲಂಗಿಲ್ಲ. ಅದ ಬುಟ್ಟ್ಯಾಗಿನ ಹೆಸರು ಚೆಲ್ಲಿ ಮುಂದಿನ ಹೆಸರು ಇಡ್ತಿತ್ತು, ಮತ್ತ ಪ್ರಶ್ನಿ, ಮತ್ತ ಹೆಸರು. ಸರ್ವರಿನ ಮೊದಲನೇ ಉತ್ತರ ಬರೋದ್ರಾಗ ಬಳಗ ಎಲ್ಲಾ ಮುಗದು, ಬುಟ್ಟ್ಯಾಗ ಕಡೀ ಹೆಸರೊಂದ ಕುಂತಿತ್ತು. ಬಂದ ಬಂದ ಉತ್ತರ ಎಲ್ಲಾ ಬುಟ್ಟ್ಯಾಗ ಇಣಿಕಿ ನೋಡಿ "ಓ, ಸತ್ಯವ್ವ" ಅಂತ ಅಕಿ ಹೆಸರ ಬರಕೊಂಡ್ವು. ಸೀರಿ ಎಲ್ಲಾ ಬರೋಬ್ಬರಿ, ಹೆಸರು ಮಾತ್ರ ಒಂದ. ಒಂದ ಹೆಸರು ಹಾಕಿ ನೋಡಿದಾಗ ಸರಿ ಬರದ ಏನಾಗ್ತೈತಿ? ಇದ್ದದ್ದ ಒಂದ ಹೆಸರು.

ಜಾವಾಸ್ಕ್ರಿಪ್ಟಿನಾಗ ವಾರ್ (var) ಅಂತ ಬರದ್ರ ಇಡೀ ಕೆಲಸಕ್ಕ ಒಂದ ಬುಟ್ಟಿ. ಲೆಟ್ (let) ಅಂತ ಬರದ್ರ ಪ್ರತಿ ಸುತ್ತಿಗೂ ಬ್ಯಾರೆ ಬುಟ್ಟಿ, ಉತ್ತರ ಎಷ್ಟ ತಡಾ ಆಗಿ ಬಂದ್ರೂ ತನ್ನ ಬುಟ್ಟಿ ತನಗ ಸಿಗ್ತೈತಿ. ದುಂಡೇಶ ವಾರ್ ಅಳಿಸಿ ಲೆಟ್ ಬರದ. ಚೀಟಿ ತಗದ ನೋಡಿದ್ರ ಎಲ್ಲಾರ ಹೆಸರೂ ಬಂಗಾರದಂಗ ಬಂದಿದ್ವು. ಆದ್ರೇನು, ಸೀರಿ ಬೆಳಗಲ್ಯಾಗ ಅದಾವ, ಚೀಟಿ ಬನಹಟ್ಟ್ಯಾಗ.

ಹೊಸಾ ಚೀಟಿ ಕಿಸೇದಾಗ ಇಟಗೊಂಡು ಚಿಮ್ಮಡಕ್ಕ ಹೋದ್ರ ಅವ್ವ ಬಾಗಲದಾಗ ಕಾಯಾಕತ್ತಿದ್ಲು.

"ನಾಯಿ ಮುಂಡೇದ, ಯಾರ ಹೆಸರು ಬ್ಯಾಡ ಅಂದಿದ್ದೆನೋ ಅಕಿಗೇ ಎಲ್ಲಾನೂ ಕೊಟ್ಟ ಬಂದೀಯಲ್ಲೋ! ನತ್ತು ಹಾಕ್ಕೊಂಡು ಕುಂತಾಳ ಅಕಿ, ನತ್ತು! ಹೋಗು, ಈಗಿಂದೀಗ ಎಲ್ಲಾ ತಿರುಗಿ ತಗೊಂಡ ಬಾ."

"ತರಬ್ಯಾಡ ಅಣ್ಣಾ" ಅಂದ್ಲು ಒಳಗಿಂದ ವೈಶಾಲಿ, ಅಳಾಕತ್ತಿದ್ಲು. "ಕೊಟ್ಟ ಸೀರಿ ಕಸಗೊಂಡ ಬಂದ್ರ ಅತ್ತಿ ಈ ಜನ್ಮದಾಗ ಈ ಮನಿಗಿ ಬರಂಗಿಲ್ಲ. ಆಮ್ಯಾಲ ಅರಿಶಿಣ ಯಾರಿಗಿ ಹಚ್ಚತೀರೋ ಹಚ್ಚಕೋರಿ."

ತರದಿದ್ರ ಅವ್ವ ಬಿಡಂಗಿಲ್ಲ, ತಂದ್ರ ತಂಗಿ ಕೂಡಂಗಿಲ್ಲ. ದುಂಡೇಶ ಗಾಡಿ ತಿರುಗಿಸಿ ಮಹಾಲಿಂಗಪುರ ದಾಟಿ ಬೆಳಗಲಿ ಕಡೆ ನಡದ. ಹಾದಿ ತುಂಬಾ ಕಬ್ಬಿನ ಟ್ರ್ಯಾಕ್ಟರ್. ಒಂದೊಂದನ್ನೂ ಹಿಂದ ಹಾಕೋದ್ರಾಗ ಒಂದೊಂದ ಸುಳ್ಳು ಹೊಂದಿಸ್ದ. ಅವ್ವ ಕಾಯಿಲಿ ಬಿದ್ದಾಳ ಅನ್ಲ್ಯೋ? ಸೀರ್ಯಾಗ ಹುಳ ಬಿದ್ದಾವ ಅನ್ಲ್ಯೋ? ಅಂಗಡಿಯವ್ರು ತಿರುಗಿ ಕೇಳಾಕತ್ತಾರ ಅನ್ಲ್ಯೋ? ಊರ ಮುಟ್ಟೋದ್ರಾಗ ಒಂದೂ ಸುಳ್ಳು ಗಟ್ಟಿ ನಿಲ್ಲಲಿಲ್ಲ.

ಸತ್ಯವ್ವ ಅಂಗಳದಾಗ ಎಮ್ಮಿಗಿ ಹಿಂಡಿ ಕಲಸಾಕತ್ತಿದ್ಲು. ನತ್ತು ಇನ್ನೂ ಮೂಗಿನ್ಯಾಗ ಇತ್ತು. ಹಿಂದ ಪಡಸಾಲ್ಯಾಗ ಸೀರಿ ಪಾರ್ಸಲ್ಲು ಜ್ವಾಳದ ಚೀಲ ಒಟ್ಟಿದಂಗ ಒಟ್ಟಿದ್ಲು.

"ಬಾ ದುಂಡ್ಯಾ" ಅಂದ್ಲು. "ಆಯಾರ ಮುಟ್ಟೇತಿ."

"ಅತ್ತಿ, ಅದೇನಂದ್ರ..." ಅಂದು ದುಂಡೇಶ ಬಾಯಿ ತಗದ. ಅಕಿ ನೋಡಿದ ನೋಟಕ್ಕ ಬಾಯಿ ಮುಚ್ಚಿದ. ಅಕಿ ಹಿಂಡಿ ಕಲಿಸಿ ಮುಗಿಸಿದ್ಲು, ಎಮ್ಮಿ ಮುಂದ ಇಟ್ಲು, ಕೈ ತೊಳಕೊಂಡ್ಲು, ಸೆರಗಿಗಿ ವರಿಸ್ಕೊಂಡ್ಲು. ಅಷ್ಟೂ ಹೊತ್ತು ಇವ ನಿಂತ. ಅವನ ಜೀವಮಾನದಾಗ ಅಷ್ಟ ಹೊತ್ತು ಸುಮ್ಮನ ನಿಂತಿದ್ದಿಲ್ಲ.

"ಈಗ ಹೇಳು" ಅಂದ್ಲು.

"ತಪ್ಪಾತು ಅತ್ತಿ. ನಾ ಬರದ ಪ್ರೋಗ್ರಾಮಿಂದು ತಪ್ಪು. ಒಂದ ಸೀರಿ ಅಷ್ಟ ನಿಂದು. ಉಳದದ್ದೆಲ್ಲಾ ಬಳಗದ್ದು."

ಸತ್ಯವ್ವ ನಕ್ಕಳು. "ಹುಚ್ಚ ಖೋಡಿ, ಗಾಡಿ ತುಂಬ ಸೀರಿ ಯಾವ ತವರಮನ್ಯಾಗರ ಕಳಸ್ತಾರೇನು? ಎರಡನೇದು ಬಂದಾಗ ನನಗ ಗೊತ್ತಾತು, ಇದು ನಮ್ಮ ದುಂಡ್ಯಾನ ಕೆಲಸ ಅಂತ."

"ಮತ್ತ ಯಾಕ ತಗೊಂಡಿ? ಪಾಂಡಪ್ಪಗ ಹೇಳಿ ತಿರುಗಿ ಕಳಸಬೇಕಿಲ್ಲೋ?"

ಸತ್ಯವ್ವ ಕಟ್ಟಿ ಮ್ಯಾಲ ಕುಂತ್ಲು. "ಆ ಪಾಂಡಪ್ಪಗ ಬಾಯಿ ದೊಡ್ಡದು. ಒಂದೊಂದ ಪಾರ್ಸಲ್ ತರೋಮುಂದೂ 'ಅಕ್ಕಾರ, ತವರಮನಿ ಆಯಾರ ಬಂತ್ರೀ' ಅಂತ ಒದರತಿದ್ದ. ಓಣಿ ಹೆಂಗಸರೆಲ್ಲಾ ಹೊರಗ ಬಂದು ನಿಂತ್ರು. ಇಷ್ಟ ವರ್ಷದಾಗ ಈ ಬಾಗಲದಾಗ ಯಾರೂ ಆ ಮಾತು ಒದರಿದ್ದಿಲ್ಲ ದುಂಡ್ಯಾ. ಹಬ್ಬಕ್ಕ ಎಲ್ಲಾರ ಮನಿಗೂ ತವರಿನವ್ರು ಬರ್ತಿದ್ರು, ನಾ ಹಿತ್ತಲದಾಗ ಕೆಲಸ ಹಚಗೊಂಡ ಕೂಡ್ತಿದ್ದೆ. ಇವ ಒದರಲಿ ಬಿಡು, ಇನ್ನೊಂದಿಷ್ಟು ಒದರಲಿ ಅನಿಸ್ತು. ತಪ್ಪಾಗೇತಿ ಅಂತ ಹೇಳಾಕ ಬಾಯಿ ಬರಲಿಲ್ಲ."

ದುಂಡೇಶ ಸೀರಿ ಒಟ್ಟಿನ ಕಡೆ ತಿರುಗಿ, ರೇಶ್ಮಿ ಸೆರಗಿನ ಸೀರಿ ಹುಡುಕಿ ತಂದು ಅಕಿ ಮುಂದ ಇಟ್ಟ. "ಇದ ನಿಂದು."

ಅಕಿ ಸೆರಗ ಮುಟ್ಟಿ ಮುಟ್ಟಿ ನೋಡಿದ್ಲು. "ಯಾರ ಆರಿಸಿದ್ದು? ನಿಮ್ಮವ್ವನೋ?"

ಇಲ್ಲಿ ಒಂದ ಸುಳ್ಳು ಹೇಳಿದ್ರ ಎಲ್ಲಾ ಸರಿಹೋಗ್ತಿತ್ತು. ದುಂಡೇಶ ಹೇಳಲಿಲ್ಲ. "ನಾ ಆರಿಸಿದ್ದು. ಅವ್ವ ನಿನ್ನ ಹೆಸರ ಬ್ಯಾಡ ಅಂದಿದ್ಲು."

"ಅನ್ನಲೇಬೇಕು" ಅಂದ್ಲು ಸತ್ಯವ್ವ. "ಅಕಿ ಆರಿಸಿದ್ಲು ಅಂದಿದ್ರ ನಾ ನಂಬತಿದ್ದಿಲ್ಲ. ಹಚ್ಚು, ಅಕಿಗಿ ಫೋನ್ ಹಚ್ಚು."

"ಅತ್ತಿ, ಅಕಿ ಭಾಳ ಸಿಟ್ಟಿನ್ಯಾಗ..."

"ಹಚ್ಚೋ ಅಂದೆ."

ಹಚ್ಚಿದ. ಆ ಕಡೆ ಸಿದ್ದಕ್ಕ "ಸಿಕ್ಕಾವೇನೋ ಸೀರಿ?" ಅಂತ ಒದರಿದ್ದು ಅಂಗಳಕ್ಕೆಲ್ಲಾ ಕೇಳಿಸ್ತು.

"ವೈನೀ, ನಾ ಸತ್ಯವ್ವ." ಅಕಿ ಫೋನ್ ದುಂಡೇಶನ ಕೈಯಾಗಿಂದ ಕಸಗೊಂಡಿದ್ಲು. "ನಿನ್ನ ಬಳಗದ ಸೀರಿ ಎಲ್ಲಾ ನನ್ನ ಪಡಸಾಲ್ಯಾಗ ಅದಾವ. ದುಂಡ್ಯಾನ ಕೈಯಾಗ ಕೊಡಂಗಿಲ್ಲ, ಇವ ಮತ್ತ ಯಾರಿಗಿ ಕೊಟ್ಟ ಹೋಗ್ತಾನೋ ಯಾರಿಗ್ಗೊತ್ತು. ಬೇಕಂದ್ರ ನೀನ ಬಾ. ಬರೋಮುಂದ ಕುಂಕುಮದ ಭರಣಿ ತಗೊಂಡ ಬಾ." ಇಷ್ಟು ಹೇಳಿ ಫೋನ್ ಅವನ ಕೈಯಾಗ ಇಟ್ಲು.

ಕುಂಕುಮ ಅಂದ್ರ ಸಣ್ಣ ಮಾತಲ್ಲ. ಮನಿಗಿ ಬಂದು ಹಣಿಗಿ ಕುಂಕುಮ ಹಚ್ಚಿ ಕರದ್ರ ಕರದಂಗ. ಸಾವಿರ ಮೆಸೇಜ್ ಹಾಕಿದ್ರೂ ಆ ಕಡೆ ಅದನ್ನ ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ. ಅವ್ವ ಬರ್ತಾಳೋ ಇಲ್ಲೋ? ದುಂಡೇಶ ಕಟ್ಟಿ ಮ್ಯಾಲ ಕುಂತ. ಫೋನ್ ಹಚ್ಚಿ ಕೇಳಬೇಕು ಅನಸ್ತಿತ್ತು, ಸತ್ಯವ್ವ "ಸುಮ್ಮ ಕುಂಡ್ರು" ಅಂದ್ಲು. ರೊಟ್ಟಿ ಕೊಟ್ಲು, ಶೇಂಗಾ ಹಿಂಡಿ ಮೊಸರು ಕೊಟ್ಲು. ತಿಂದ. ಬಿಸಲು ಅಂಗಳದ ಆ ಕಡೆ ಸರೀತು. ತಾನೂ ಸಿಟ್ಟಿನ್ಯಾಗ ಭಾಳ ಮಾತಾಡಿಬಿಟ್ಟೆ ಏನೋ ಅಂತ ಸತ್ಯವ್ವನೂ ಘಳಿಗ್ಗೊಮ್ಮಿ ಹಾದಿ ಕಡೆ ನೋಡಾಕತ್ತಿದ್ಲು.

ಕಡೀಕ ಟಂಟಂ ಸಪ್ಪಳ ಆತು. ಪಾಂಡಪ್ಪನ ಮಗ್ಗಲಕ ಸಿದ್ದಕ್ಕ ಕುಂತಿದ್ಲು. ಹೊಸಾ ಸೀರಿ ಉಟ್ಟಿದ್ಲು, ಮಾರಿ ಮಾತ್ರ ಕೆಂಡ.

ಇಳದು ಬಂದು ಬಾಗಲದಾಗ ನಿಂತ್ಲು. ಒಳಗ ಸತ್ಯವ್ವ ನಿಂತ್ಲು. ಒಳಗ ಬಾ ಅಂತ ಇಕಿ ಅನ್ನಂಗಿಲ್ಲ, ಕರೀಲಾರದ ಅಕಿ ಬರಂಗಿಲ್ಲ. ಓಣಿ ಹೆಂಗಸರು ಮುಂಜಾನಿಂದ ಇದ್ದವ್ರು ಇದ್ದಲ್ಲೇ ಇದ್ರು.

"ಬಿಸಲಾಗ ಬಂದೀನಿ" ಅಂದ್ಲು ಸಿದ್ದಕ್ಕ ಕಡೀಕ. "ನೀರ ಕೊಡ್ತೀಯೋ, ಹಂಗ ತಿರುಗಿ ಹೋಗ್ಲ್ಯೋ?"

ಸತ್ಯವ್ವ ಗಡಬಡಿಸಿ ಒಳಗ ಹೋಗಿ ತಂಬಗಿ ನೀರು, ಬೆಲ್ಲ ತಂದ್ಲು. ಸಿದ್ದಕ್ಕ ಬೆಲ್ಲ ಬಾಯಾಗ ಹಾಕ್ಕೊಂಡು, ನೀರು ಕುಡದು, ಒಳಗ ಬಂದು ಭರಣಿ ಬಿಚ್ಚಿದ್ಲು. ಹಚ್ಚಿದ ಕುಂಕುಮ ಸತ್ಯವ್ವನ ಹಣಿ ತುಂಬಾ ಆತು.

"ಅವತ್ತಿಂದು ನನಗ ಗೊತ್ತಿದ್ದಿಲ್ಲ ಸತ್ಯವ್ವಾ. ಬೀರೇಶ್ವರನ ಆಣಿ. ಟ್ರಂಕಿನ್ಯಾಗ ಮ್ಯಾಲಿತ್ತು, ತಗದ ಕೊಟ್ಟೆ. ಗೊತ್ತಾದ ಮ್ಯಾಲ ನಾಚಿಕಿ ಆತು. ನಾಚಿಕಿಗಿ ಸಿಟ್ಟು ಮಾಡ್ಕೊಂಡ ಕುಂತೆ."

"ನಾನೂ ಕೇಳಲಿಲ್ಲಲ್ಲ ವೈನಿ" ಅಂದ್ಲು ಸತ್ಯವ್ವ. "ಒಂದ ಮಾತು ಕೇಳಿದ್ರ ಆಗ್ತಿತ್ತು."

ಇಬ್ಬರೂ ಅತ್ರು. ಅಳೂದು ಮುಗದಕೂಡ್ಲೆ ಸೀರಿ ಒಟ್ಟಿನ ಮುಂದ ಕುಂತ್ರು. ದುಂಡೇಶ ಹೊಸಾ ಚೀಟಿ ಹಿಡಕೊಂಡು ಮುಂದ ಬಂದ್ರ ಇಬ್ಬರೂ ಕೂಡಿ ಅವನ ಮ್ಯಾಲ ಬಿದ್ರು. "ಇಡೋ ಅತ್ತಲಾಗ! ಜಮಖಂಡಿ ಕಾಕಿಗಿ ಹಳದಿ ಕೊಡ್ತಾರೇನು? ಅಕಿ ಹುಟ್ಟಿದಾಗಿಂದ ಹಳದಿ ಉಟ್ಟಿಲ್ಲ." "ಬೀಗತಿಗಿ ಇದು ಹಗರ ಆತು ವೈನಿ." "ಹಗರ ಯಾಕ ಆಗ್ತೈತಿ? ಅಂಚು ನೋಡು." "ಅಂಚ ಏನ ನೋಡ್ತಿ, ಬಟ್ಟಿ ನೋಡು." ಸರ್ವರ್ ಹೇಳಿದ್ದೊಂದು, ಇವರು ಮಾಡಿದ್ದೊಂದು. ಗಾಡಿ ಮತ್ತ ತುಂಬಿ, ಈ ಸಲ ಪ್ರತಿ ಪಾರ್ಸಲ್ಲಿನ ಹೆಸರನ್ನ ಪಾಂಡಪ್ಪನ ಬಾಯಿಂದ ಗಟ್ಟಿಯಾಗಿ ಹೇಳಿಸಿ ಕಳಿಸಿದ್ರು.

ಸಿದ್ದಕ್ಕ ಹೊಂಟು ನಿಂತಾಗ ಸತ್ಯವ್ವ ಬಾಗಲತನಕ ಬಂದ್ಲು. ಕೇಳ್ಲ್ಯೋ ಬ್ಯಾಡೋ ಅಂತ ಒಂದ ಘಳಿಗಿ ಸೆರಗಿನ ತುದಿ ತಿರುವಿದ್ಲು. ಆಮ್ಯಾಲ ಕೇಳಿದ್ಲು: "ವೈನೀ, ಅರಿಶಿಣ ಎಷ್ಟ ಗಂಟೆಗಿ?"

"ನೀ ಬಂದ ಮ್ಯಾಲ" ಅಂದ್ಲು ಸಿದ್ದಕ್ಕ.